ಒಂದು ಸಭೆಯ ತಿಂಗಳು



ಬ್ಯಾಪ್ಟಿಸ್ಟ್ ಎಂಬ ಹೆಸರನ್ನು ಕೇಳಿದೊಡನೆ ಕನ್ನಡಿಗರಲ್ಲಿ ಬಹುಮಂದಿಗೆ, ವಿಶೇಷವಾಗಿ ಬೆಂಗಳೂರಿನ ಉತ್ತರ ಭಾಗದಲ್ಲಿ ವಾಸವಾಗಿರತಕ್ಕವರಿಗೆ, ಹೆಬ್ಬಾಳದ ಆಸ್ಪತ್ರೆಯೇ ನೆನಪಿಗೆ ಬರುತ್ತದೆ. 1973ರಲ್ಲಿ ಆರಂಭವಾದ ಆ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳು ಇಂದು ತಮ್ಮ ಮಕ್ಕಳ ಚಿಕಿತ್ಸೆಗೆ ಅಲ್ಲಿಗೇ ಹೋಗುವ ಕಾಲ ಬಂದಿದೆ. ಆದರೆ ಆ ಹೆಸರನ್ನು ಅದಕ್ಕೆ ಕೊಟ್ಟ ಜನರ ಶ್ರದ್ಧೆ ಎಂತಹದು, ಅವರು ವಾರವಾರವೂ ತಿಂಗಳುತಿಂಗಳೂ ಹೇಗೆ ಕೂಡುತ್ತಾರೆ, ಕೂಡಿ ಏನು ಮಾಡುತ್ತಾರೆ ಎಂಬುದನ್ನು ವಿಚಾರಿಸುವ ವ್ಯವಧಾನ ರೋಗಿಯ ಮಂಚದ ಪಕ್ಕದಲ್ಲಿ ಯಾರಿಗೂ ಒದಗುವುದಿಲ್ಲ. ಆದುದರಿಂದ ಇಂದಿನ ಭಾಷಣದಲ್ಲಿ ಚೆನ್ನೈ ನಗರದ ಉತ್ತರ ಭಾಗದಲ್ಲಿ, ಪೆರಂಬೂರಿನ ರೈಲ್ವೆ ಕಾರ್ಖಾನೆಗಳಿಗೆ ಬಹಳ ದೂರವಲ್ಲದ ಒಂದು ಬೀದಿಯಲ್ಲಿರುವ ಸಾಧಾರಣ ಬ್ಯಾಪ್ಟಿಸ್ಟ್ ಸಭೆಯೊಂದರ ಒಂದು ತಿಂಗಳ ಬಾಳುವೆಯನ್ನು ನಿಮ್ಮ ಮುಂದೆ ಇಡಬೇಕೆಂದು ನನ್ನ ಅಪೇಕ್ಷೆ. ಉನ್ನತವಾದ ಗೋಪುರವಾಗಲಿ, ಪ್ರಖ್ಯಾತರಾದ ಉಪದೇಶಕರಾಗಲಿ ಆ ಸಭೆಗಿಲ್ಲ. ಅದರ ಸದಸ್ಯರ ಹೆಸರುಗಳನ್ನು ನಾನು ಹೇಳುವುದಿಲ್ಲ. ಹೇಳಿಸಿಕೊಳ್ಳುವ ಆಸೆ ಅವರಿಗೂ ಇಲ್ಲ.

ನಾನು ಹುಟ್ಟಿದ್ದು ಬಳ್ಳಾರಿಯ ಸೀಮೆಯಲ್ಲಿ. 1810ರಲ್ಲಿ ಅಲ್ಲಿಗೆ ಬಂದು ನೆಲಸಿ, 1831ರ ವೇಳೆಗೆ ಸಮಗ್ರ ಬೈಬಲನ್ನು ಕನ್ನಡದಲ್ಲಿ ಅಚ್ಚಿಗೆ ತಂದ ಜಾನ್ ಹ್ಯಾಂಡ್ಸ್ ಅವರ ಲಂಡನ್ ಮಿಷನ್ನಿನ ಪರಂಪರೆಗೆ ಸೇರಿದ ಮನೆತನ ನಮ್ಮದು. ಹಸುಗೂಸಿನ ನೆತ್ತಿಯ ಮೇಲೆ ನೀರು ಚಿಮುಕಿಸಿ ಹೆಸರಿಡುವ ಪದ್ಧತಿಯಲ್ಲಿ ಬೆಳೆದವನು ನಾನು. ಉದ್ಯೋಗನಿಮಿತ್ತವಾಗಿ ಮದರಾಸಿಗೆ ಬಂದಾಗ ನನ್ನ ಬಿಡಾರದ ಸಮೀಪದಲ್ಲಿದ್ದುದು ತೆಲುಗು ಬ್ಯಾಪ್ಟಿಸ್ಟರ ಈ ಸಭೆ. 1953ರ ವರೆಗೆ ಮದರಾಸು ಪ್ರಾಂತಕ್ಕೇ ಸೇರಿದ್ದ ಬಳ್ಳಾರಿಯವರಿಗೆ ತೆಲುಗು ಹೊರಗಿನ ಮಾತಲ್ಲವಾದ್ದರಿಂದ, ಮೊದಲು ಹಿಂದಿನ ಬೆಂಚಿನಲ್ಲಿ ಅತಿಥಿಯಾಗಿ ಕುಳಿತ ನಾನು ಕಾಲಕ್ರಮದಲ್ಲಿ ಅವರವನೇ ಆದೆ.

ಈ ಪಂಥದ ಮೂಲತತ್ತ್ವವನ್ನು ತಿಳಿಯದೆ ಅದರ ದಿನಚರಿ ಅರ್ಥವಾಗುವುದಿಲ್ಲವಾಗಿ, ಅದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಯಾವ ಮನುಷ್ಯನೂ ಹುಟ್ಟಿನಿಂದ ಕ್ರೈಸ್ತನಾಗುವುದಿಲ್ಲ; ತಂದೆತಾಯಿಗಳ ನಂಬಿಕೆ ಮಗನ ಪಾಲಿಗೆ ಪಿತ್ರಾರ್ಜಿತವಾಗಿ ಇಳಿದುಬರುವ ಆಸ್ತಿಯಲ್ಲ; ಬುದ್ಧಿ ತಿಳಿದ ಮೇಲೆ ತಾನೇ ಬಾಯಾರೆ ಒಪ್ಪಿಕೊಂಡವನಿಗೆ ಮಾತ್ರ, ಆಪಾದಮಸ್ತಕವಾಗಿ ನೀರಿನಲ್ಲಿ ಮುಳುಗಿಸಿ, ದೀಕ್ಷಾಸ್ನಾನವನ್ನು ಕೊಡತಕ್ಕದ್ದು ಎಂಬುದು ಅವರ ಸಿದ್ಧಾಂತ. 1609ರಲ್ಲಿ ಇಂಗ್ಲೆಂಡಿನಿಂದ ಹಾಲೆಂಡಿಗೆ ಓಡಿಹೋಗಿದ್ದ ಜಾನ್ ಸ್ಮಿತ್ ಮತ್ತು ಅವರ ಸಂಗಡಿಗರು ಆಮ್‌ಸ್ಟರ್ಡಾಮಿನಲ್ಲಿ ಇಂತಹ ಮೊದಲ ಸಭೆಯನ್ನು ಕಟ್ಟಿದರು. ಆ ಸಂಗಡಿಗರಲ್ಲಿ ಒಬ್ಬರಾದ ಥಾಮಸ್ ಹೆಲ್ವಿಸ್ ತಾಯ್ನಾಡಿಗೆ ಮರಳಿ, ಪ್ರಜೆಗಳ ಅಂತಃಕರಣದ ಮೇಲೆ ಅರಸನಿಗೆ ಅಧಿಕಾರವಿಲ್ಲವೆಂದೂ, ಈ ಸ್ವಾತಂತ್ರ್ಯ ಕ್ರೈಸ್ತರಿಗೆ ಮಾತ್ರವಲ್ಲದೆ ಯೆಹೂದ್ಯರಿಗೂ ಮುಸಲ್ಮಾನರಿಗೂ ಸಲ್ಲತಕ್ಕದ್ದೆಂದೂ ಬರೆದು, ಆ ಬರಹದ ಫಲವಾಗಿ ನ್ಯೂಗೇಟ್ ಸೆರೆಮನೆಯನ್ನು ಸೇರಿ, ಸುಮಾರು 1616ರಲ್ಲಿ ಅಲ್ಲೇ ಪ್ರಾಣ ಬಿಟ್ಟರು. ತನ್ನ ಮತಕ್ಕೆ ಸ್ವಾತಂತ್ರ್ಯ ಬೇಡುವುದು ಸುಲಭ. ಅನ್ಯಮತದವನಿಗೂ ಅದನ್ನೇ ಬೇಡಿ ಸೆರೆಯಲ್ಲಿ ಸತ್ತವರನ್ನು ಮೂಲಪುರುಷರಲ್ಲಿ ಒಬ್ಬರನ್ನಾಗಿ ಪಡೆದ ಪಂಥ, ಆ ಋಣವನ್ನು ಎಂದಿಗೂ ಮರೆಯಬಾರದು.

ಪ್ರತಿಯೊಬ್ಬನೂ ತನ್ನ ಮಾತಿನಿಂದಲೇ ಒಳಗೆ ಬಂದವನಾದ ಕಾರಣ, ಆಡಳಿತವೂ ಪ್ರತಿಯೊಬ್ಬನ ಮೇಲೆ ಬೀಳುತ್ತದೆ. ಬಿಷಪ್ಪರಿಲ್ಲ, ಮೇಲಿನಿಂದ ಆಜ್ಞೆ ಇಳಿಯುವುದಿಲ್ಲ. ಸಭಾಪಾಲಕರನ್ನು ಕರೆತರುವುದು, ಸಭಾಸೇವಕರನ್ನು ಆರಿಸುವುದು, ಹಣವನ್ನು ವೆಚ್ಚ ಮಾಡುವುದು, ತಪ್ಪಿದವನನ್ನು ತಿದ್ದುವುದು, ಎಲ್ಲವೂ ಆಯಾ ಸಭೆಯ ಸದಸ್ಯರ ಕೈಯಲ್ಲಿಯೇ ಇದೆ. 1947ರ ಸೆಪ್ಟೆಂಬರ್ 27ರಂದು ಇದೇ ಮದರಾಸಿನ ಸೇಂಟ್ ಜಾರ್ಜ್ ದೇವಾಲಯದಲ್ಲಿ ಹಲವು ಪ್ರೊಟೆಸ್ಟೆಂಟ್ ಪಂಥಗಳು ಒಟ್ಟುಗೂಡಿ ದಕ್ಷಿಣ ಭಾರತ ಸಭೆಯಾದಾಗ ಬ್ಯಾಪ್ಟಿಸ್ಟರು ಹೊರಗೆ ಉಳಿದರು. ಐಕ್ಯದ ಆ ಮಹಾಕಾರ್ಯವನ್ನು ನಾನು ಅಂತಃಕರಣಪೂರ್ವಕವಾಗಿ ಗೌರವಿಸುತ್ತೇನೆ. ಹೊರಗುಳಿದವರು ಯಾವುದನ್ನು ಕಳೆದುಕೊಳ್ಳಲು ಒಪ್ಪಲಿಲ್ಲವೆಂಬುದನ್ನು ಮುಂದೆ ಹೇಳುತ್ತೇನೆ.

ಕನ್ನಡಕ್ಕೂ ಈ ಜನಕ್ಕೂ ಇರುವ ಸಂಬಂಧ ಹೊಸತಲ್ಲ. ಕಸುಬಿನಿಂದ ಚಪ್ಪಲಿ ಹೊಲಿಯುವವರಾಗಿದ್ದ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದು, 1800ರಿಂದ ಶ್ರೀರಾಂಪುರದಲ್ಲಿ ಮುದ್ರಣಾಲಯವನ್ನು ನಡೆಸಿದ ಬ್ಯಾಪ್ಟಿಸ್ಟ್ ಪಾದ್ರಿ. 1812ರ ಮಾರ್ಚ್ ತಿಂಗಳಲ್ಲಿ ಆ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ವರ್ಷಗಳ ಪರಿಶ್ರಮ ಬೂದಿಯಾದಾಗ, ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡದ ಹೊಸ ಒಡಂಬಡಿಕೆಯೂ ಇತ್ತು. ಕೇರಿಯವರು ಮತ್ತೆ ಲೇಖನಿ ಹಿಡಿದರು. 1817ರಲ್ಲಿ ಕರ್ಣಾಟ ಭಾಷೆಯ ವ್ಯಾಕರಣವೊಂದು ಅವರ ಹೆಸರಿನಲ್ಲಿ ಶ್ರೀರಾಂಪುರದಿಂದ ಹೊರಬಂದಿತು. ಕನ್ನಡನಾಡನ್ನು ಕಣ್ಣಾರೆ ಕಾಣದ ಒಬ್ಬ ಮನುಷ್ಯ ಹೂಗ್ಲಿ ನದಿಯ ದಡದಲ್ಲಿ ಕುಳಿತು ನಮ್ಮ ವಿಭಕ್ತಿಪ್ರತ್ಯಯಗಳನ್ನು ವಿಂಗಡಿಸುತ್ತಿದ್ದನೆಂಬುದನ್ನು ನೆನೆದರೆ ಇಂದಿಗೂ ನನ್ನ ಮನಸ್ಸು ಕೃತಜ್ಞತೆಯಿಂದ ತುಂಬುತ್ತದೆ.

ಮದರಾಸಿನ ತೆಲುಗು ಬ್ಯಾಪ್ಟಿಸ್ಟರ ಕಥೆ ಅಮೆರಿಕದಿಂದ ಬಂದ ಸ್ಯಾಮ್ಯುಯೆಲ್ ಡೇ ಅವರಿಂದ ಮೊದಲಾಗುತ್ತದೆ. ಅವರು 1837ರಲ್ಲಿ ಇಲ್ಲಿಗೆ ಬಂದು, ಸುಮಾರು ಮೂರು ವರ್ಷ ಇದ್ದು, 1840ರಲ್ಲಿ ನೆಲ್ಲೂರಿಗೆ ಹೋದರು. ಅಲ್ಲಿ ದೀರ್ಘಕಾಲ ಫಲ ಕಾಣದೆ, ಇಡೀ ಕೇಂದ್ರವನ್ನೇ ಮುಚ್ಚಿಬಿಡೋಣವೇ ಎಂದು ಅಮೆರಿಕದವರು ಮತ್ತೆ ಮತ್ತೆ ಚರ್ಚಿಸಿದರು. ಹಾಗೆ ಮುಚ್ಚದೆ ಉಳಿಸಿಕೊಂಡ ಮಿಷನ್ನಿನ ಒಂಗೋಲು ಠಾಣೆಯಲ್ಲಿ ಜಾನ್ ಕ್ಲಫ್ ಎಂಬವರು ಇದ್ದ ಕಾಲಕ್ಕೆ 1876ರಿಂದ 1878ರ ವರೆಗಿನ ಮಹಾಕ್ಷಾಮ ಬಂದಿತು. ನಮ್ಮ ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ನುಂಗಿದ್ದು ಇದೇ ಕ್ಷಾಮ. ಸರಕಾರ ಕ್ಷಾಮನಿವಾರಣೆಗಾಗಿ ಬಕಿಂಗ್‌ಹ್ಯಾಮ್ ಕಾಲುವೆಯನ್ನು ತೋಡಿಸುತ್ತಿತ್ತು. ಇಂಜಿನಿಯರಿಂಗ್ ಬಲ್ಲ ಕ್ಲಫ್ ಮೂರೂವರೆ ಮೈಲಿ ಉದ್ದದ ಕೆಲಸವನ್ನು ಗುತ್ತಿಗೆ ಹಿಡಿದು, ಬೇರೆ ಕಡೆ ಕೂಲಿಗೆ ಹೋದರೆ ಮೇಸ್ತ್ರಿಗಳ ಪೀಡನೆಗೆ ಸಿಕ್ಕುತ್ತಿದ್ದ ಮಾದಿಗರಿಗೆ ಅಲ್ಲಿ ದುಡಿಮೆಯನ್ನೂ ಪೂರ್ತಿ ಕೂಲಿಯನ್ನೂ ದೊರಕಿಸಿದರು. ಅನ್ನಕ್ಕಾಗಿ ಮತಕ್ಕೆ ಬಂದರೆಂಬ ಮಾತು ಬರಬಾರದೆಂದು ಕ್ಷಾಮದ ಉದ್ದಕ್ಕೂ ಒಬ್ಬರಿಗೂ ದೀಕ್ಷಾಸ್ನಾನ ಕೊಡದೆ ನಿಲ್ಲಿಸಿದ್ದರು. ಮಳೆ ಬಂದು ಕೂಲಿ ನಿಂತ ಮೇಲೆಯೂ ಜನ ಬಿಡದೆ ಬಂದುದರಿಂದ, 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿವಸ 2,222 ಮಂದಿ ದೀಕ್ಷಾಸ್ನಾನ ಹೊಂದಿದರು. ಅದೇ ವರ್ಷ ಲೈಮನ್ ಜ್ಯೂಯೆಟ್ ಎಂಬ ಹಿರಿಯ ಮಿಷನರಿ ನೆಲ್ಲೂರಿನ ಕಡೆಯಿಂದ ಬಂದು ಮದರಾಸಿನಲ್ಲಿ ಕೆಲಸವನ್ನು ಪುನಃ ಆರಂಭಿಸಿದರು.

ಆ ಕಾಲುವೆ ಚೆನ್ನೈ ನಗರದ ನಡುವೆಯೂ ಹಾದುಹೋಗುತ್ತದೆ. ಕೂವಂ ಮತ್ತು ಅಡಯಾರು ನದಿಗಳನ್ನು ಕೂಡಿಸುವ ಎಂಟು ಕಿಲೋಮೀಟರುಗಳ ಭಾಗವನ್ನು ತೋಡಿದ್ದೂ ಆ ಕ್ಷಾಮಕಾಲದಲ್ಲಿಯೇ. ಇಂದು ಅದರ ನೀರು ಕಪ್ಪಾಗಿದೆ, ಅದರ ಮೇಲೆ ರೈಲಿನ ಕಂಬಗಳು ನಿಂತಿವೆ. ನಮ್ಮ ಸಭೆಯ ಹಳೆಯ ಕುಟುಂಬಗಳು ನೆಲ್ಲೂರು, ಒಂಗೋಲುಗಳ ಕಡೆಯಿಂದ ರೈಲ್ವೆಗೆ, ಬಂದರಿಗೆ, ಬಿನ್ನಿಯವರ ಗಿರಣಿಗೆ ಕೆಲಸ ಹುಡುಕಿ ಬಂದವರು. ಅವರ ಮುತ್ತಜ್ಜಂದಿರು ಆ ಕಾಲುವೆಯ ಮಣ್ಣು ಹೊತ್ತವರೆಂಬ ಮಾತು ಅವರ ಮನೆಗಳಲ್ಲಿ ಇನ್ನೂ ಉಳಿದಿದೆ.

ಇನ್ನು ತಿಂಗಳಿನ ವಿಷಯಕ್ಕೆ ಬರುತ್ತೇನೆ.

ಆ ಸಭೆಯಲ್ಲಿ ತಿಂಗಳು ಹುಟ್ಟುವುದು ಒಂದನೆಯ ತಾರೀಖಿನ ಮುಂಜಾವಿನಲ್ಲಿ. ಅಂದು ಯಾವ ವಾರವಾದರೂ ಆಗಲಿ, ಐದೂವರೆ ಗಂಟೆಗೆ ಬಾಗಿಲು ತೆರೆದಿರುತ್ತದೆ. ಕಾರ್ಖಾನೆಯ ಮೊದಲ ಪಾಳಿಗೆ ಹೋಗತಕ್ಕವರು ಊಟದ ಡಬ್ಬಿಯೊಂದಿಗೆ, ಶಾಲೆಯ ಮಕ್ಕಳು ಸಮವಸ್ತ್ರದಲ್ಲಿ, ಮನೆಗೆಲಸಕ್ಕೆ ಹೋಗುವ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಬಂದು ಕೂಡುತ್ತಾರೆ. ಒಂದು ಕೀರ್ತನೆ, ಒಂದು ಪ್ರಾರ್ಥನೆ, ಆ ತಿಂಗಳಿಗೆಂದು ಆರಿಸಿದ ವಾಗ್ದಾನದ ವಚನ, ಇಷ್ಟರಲ್ಲಿ ಮುಗಿಯುತ್ತದೆ. ಆ ವಚನವನ್ನು ಅಚ್ಚು ಮಾಡಿದ ಸಣ್ಣ ಚೀಟಿಯನ್ನು ಪ್ರತಿಯೊಬ್ಬರೂ ಕೊಂಡೊಯ್ದು ಮನೆಯ ಬಾಗಿಲ ಹಿಂದೆಯೋ ಅಡುಗೆಮನೆಯ ಗೋಡೆಗೋ ಅಂಟಿಸುತ್ತಾರೆ. ಬಾಡಿಗೆ, ಸಾಲದ ಕಂತು, ಶಾಲೆಯ ಶುಲ್ಕ ಇವೆಲ್ಲ ತಲೆಯೆತ್ತುವ ದಿನವೇ ಆ ಚೀಟಿಯೂ ಗೋಡೆಗೆ ಏರುತ್ತದೆ.

ಮೊದಲ ಭಾನುವಾರ ಪ್ರಭುಭೋಜನ. ಅದರ ಸಿದ್ಧತೆ ಶನಿವಾರ ಮಧ್ಯಾಹ್ನ ಸಭಾಸೇವಕರೊಬ್ಬರ ಮನೆಯ ಅಡುಗೆಮನೆಯಲ್ಲಿ ನಡೆಯುತ್ತದೆ. ಕೊಯಂಬೇಡು ಮಾರುಕಟ್ಟೆಯಿಂದ ತಂದ ಕಪ್ಪು ದ್ರಾಕ್ಷಿಯನ್ನು ಉಪ್ಪುನೀರಿನಲ್ಲಿ ತೊಳೆದು, ಮುಳುಗುವಷ್ಟು ನೀರು ಹಾಕಿ ಸಿಪ್ಪೆ ಬಿರಿಯುವ ತನಕ ಕುದಿಸಿ, ಮಲ್ಲು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಕ್ಕರೆ ಬೆರೆಸಿ ಆರಿಸಿಡುತ್ತಾರೆ. ಮದ್ಯವನ್ನು ಮುಟ್ಟದ ಸಭೆಯಾದ್ದರಿಂದ ರಸ ಹುಳಿಯುವುದಕ್ಕೆ ಅವಕಾಶ ಕೊಡುವುದಿಲ್ಲ. ಬೆರಳುದ್ದದ ಗಾಜಿನ ಬಟ್ಟಲುಗಳನ್ನು ಒಂದೊಂದಾಗಿ ಬಿಸಿನೀರಿನಲ್ಲಿ ಅದ್ದಿ, ಬಿಳಿಯ ಬಟ್ಟೆಯ ಮೇಲೆ ಬೋರಲು ಹಾಕಿ ಒಣಗಿಸುವ ಕೆಲಸ ಆ ಮನೆಯ ಅಜ್ಜಿಯದು. ಮಾರನೆಯ ಬೆಳಗ್ಗೆ ರೊಟ್ಟಿಯನ್ನು ಮುರಿಯುವುದಕ್ಕೆ ಮುಂಚೆ ಎಲ್ಲರೂ ಎದ್ದು ನಿಂತು ಸಭೆಯ ಒಡಂಬಡಿಕೆಯನ್ನು ಒಟ್ಟಿಗೆ ಓದುತ್ತಾರೆ. ರೋಗಿಗಳನ್ನು ನೋಡುತ್ತೇವೆ, ಪರರ ನಿಂದೆ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ಮುನಿಸನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂಬ ಪ್ರತಿಜ್ಞೆಗಳು ಅದರಲ್ಲಿವೆ. ಓದಿ ಮುಗಿಸಿದ ಮೇಲೆ ಒಂದೆರಡು ನಿಮಿಷ ಬಿಡುವು ಕೊಡುತ್ತಾರೆ; ಆ ಬಿಡುವಿನಲ್ಲಿ, ಹದಿನೈದು ದಿವಸ ಮಾತು ಬಿಟ್ಟಿದ್ದ ಇಬ್ಬರು ಓರಗಿತ್ತಿಯರು ಬೆಂಚುಗಳ ನಡುವಿನ ಹಾದಿಯಲ್ಲಿ ನಡೆದುಬಂದು ಕೈ ಹಿಡಿದುಕೊಂಡುದನ್ನು ನಾನು ಕಂಡಿದ್ದೇನೆ. ಆ ದಿವಸದ ಪ್ರಸಂಗದಲ್ಲಿ ಏನು ಹೇಳಿದರೆಂಬುದು ನನಗೆ ನೆನಪಿಲ್ಲ.

ದೀಕ್ಷಾಸ್ನಾನ ಪ್ರತಿ ತಿಂಗಳೂ ಇರುವುದಿಲ್ಲ. ವೇದಿಕೆಯ ಹಲಗೆಗಳನ್ನು ಎತ್ತಿದರೆ ಕೆಳಗೆ ಎದೆಮಟ್ಟದ ಆಳದ ಸಿಮೆಂಟಿನ ತೊಟ್ಟಿಯಿದೆ. ಮದರಾಸಿನಲ್ಲಿ ಈ ತೊಟ್ಟಿಯನ್ನು ತುಂಬುವುದೆಂದರೆ ಅದೊಂದು ದೊಡ್ಡ ವಿಚಾರ. ನಗರಕ್ಕೆ ನೀರು ಕೊಡುವ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕು ಕೆರೆಗಳೂ ಬತ್ತಿಹೋದ 2019ರ ಬೇಸಿಗೆಯಲ್ಲಿ, ಬೀದಿಯ ಹೆಂಗಸರು ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿಟ್ಟು ಲಾರಿಗಾಗಿ ಕಾಯುತ್ತಿದ್ದಾಗ, ಸಭೆಯವರು ದೀಕ್ಷಾಸ್ನಾನವನ್ನು ಮಳೆಗಾಲದ ವರೆಗೆ ಮುಂದಕ್ಕೆ ಹಾಕಿದರು. ದೀಕ್ಷೆಗೆ ಸಿದ್ಧರಾಗಿದ್ದ ತರುಣರೇ ಅದನ್ನು ಕೇಳಿಕೊಂಡರು. ನೀರು ಸಮೃದ್ಧಿಯಾಗಿರುವ ವರ್ಷಗಳಲ್ಲಿಯೂ ಆರಾಧನೆ ಮುಗಿದ ಮೇಲೆ ತೊಟ್ಟಿಯ ನೀರನ್ನು ಬಕೆಟ್ಟುಗಳಲ್ಲಿ ಮೊಗೆದು, ನೆಲ ತೊಳೆಯುವುದಕ್ಕೂ ಅಂಗಳದ ಬೇವಿನ ಮರಕ್ಕೂ ಹಾಕುತ್ತಾರೆ. ಬಿಳಿಯ ಬಟ್ಟೆಯನ್ನುಟ್ಟು ಮೆಟ್ಟಿಲಿಳಿದು, ನಡುಗುವ ದನಿಯಲ್ಲಿ ತನ್ನ ವಿಶ್ವಾಸವನ್ನು ಹೇಳಿ, ನೀರಿನೊಳಗೆ ಹಿಂದಕ್ಕೆ ಬಾಗಿ ಮುಳುಗಿ ಮೇಲಕ್ಕೇಳುವ ಹದಿನೆಂಟರ ಹುಡುಗಿಯನ್ನು, ಮುಂದಿನ ಸಾಲಿನಲ್ಲಿ ಟವಲು ಹಿಡಿದು ನಿಂತ ಅವಳ ತಾಯಿಯನ್ನು ನೋಡಿದಾಗ, ಶಿಶುವಾಗಿದ್ದಾಗಲೇ ನನಗಾಗಿ ಇತರರು ನುಡಿದ ಮಾತನ್ನು ನಾನೂ ನನ್ನ ಬಾಯಿಂದ ನುಡಿಯಬೇಕೆಂದು ಅನ್ನಿಸಿತು. ಕೊನೆಗೆ ಆ ಮೆಟ್ಟಿಲುಗಳನ್ನು ನಾನೂ ಇಳಿದೆ.

ವಾರದ ಕಾರ್ಯಗಳನ್ನು ವಿಸ್ತರಿಸಬೇಕಾದುದಿಲ್ಲ: ಬುಧವಾರ ವೇದಾಧ್ಯಯನ, ಶುಕ್ರವಾರ ಉಪವಾಸ ಪ್ರಾರ್ಥನೆ, ಭಾನುವಾರ ಬೆಳಗ್ಗೆ ಮಕ್ಕಳ ಶಾಲೆ, ಸರದಿಯ ಮೇಲೆ ಒಂದೊಂದು ಬಡಾವಣೆಯಲ್ಲಿ ಮನೆಪ್ರಾರ್ಥನೆ. ಹೌಸಿಂಗ್ ಬೋರ್ಡಿನ ಒಂದು ಕೋಣೆಯ ಮನೆಯಲ್ಲಿ ಇಪ್ಪತ್ತು ಮಂದಿ ಕೂತಾಗ ಚಪ್ಪಲಿಗಳು ಮೆಟ್ಟಿಲುಗಳ ಮೇಲೆ ಕೆಳಗಿನ ಅಂತಸ್ತಿನ ವರೆಗೆ ಇಳಿದಿರುತ್ತವೆ; ಪಕ್ಕದ ಮನೆಯ ಹಿಂದೂ ಕುಟುಂಬದವರು ತಮ್ಮ ಕುರ್ಚಿಗಳನ್ನು ಕೊಟ್ಟು, ಕೊನೆಯಲ್ಲಿ ಹಂಚುವ ಕಡಲೆಯ ಸುಂಡಲಿಗೆ ತಾವೂ ಬರುತ್ತಾರೆ. ಮೇ ತಿಂಗಳಿನ ರಜೆಯಲ್ಲಿ ಹತ್ತು ದಿವಸ ಬೀದಿಯ ಮಕ್ಕಳಿಗೆಲ್ಲ ಹಾಡು, ಕಥೆ, ಚಿತ್ರ. ಡಿಸೆಂಬರಿನಲ್ಲಿ ಮನೆಮನೆಗೂ ಭಜನೆ.

ಸ್ತ್ರೀಯರ ಸಂಘದ ಬಗ್ಗೆ ಮಾತ್ರ ಎರಡು ಮಾತು ಹೆಚ್ಚಾಗಿ ಹೇಳಬೇಕು. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಡಬ್ಬಿಯಲ್ಲಿ ಹಾಕಿಟ್ಟು, ತಿಂಗಳ ಎರಡನೆಯ ಶನಿವಾರ ಅದನ್ನು ತಂದು ಒಂದೇ ಚೀಲಕ್ಕೆ ಸುರಿಯುವ ಪದ್ಧತಿ ಅವರದು. ಮಿಜೋರಾಮಿನ ಕ್ರೈಸ್ತ ಸ್ತ್ರೀಯರು 1910ರಲ್ಲಿ ಮೊದಲು ಮಾಡಿ ಇಂದಿಗೂ ನಡೆಸಿಕೊಂಡು ಬಂದಿರುವ ಹಿಡಿಯಕ್ಕಿಯ ಕಾಣಿಕೆ ಲೋಕಪ್ರಸಿದ್ಧವಾಗಿದೆ. ತಮಿಳು ತೆಲುಗು ನಾಡುಗಳಲ್ಲಿಯೂ ಅದು ಇದೆ. ನಮ್ಮಲ್ಲಿ ಆ ಅಕ್ಕಿಯ ಅರ್ಧ ವಿಧವೆಯರಿಗೆ ಹೋಗುತ್ತದೆ. ಇನ್ನರ್ಧವನ್ನು ಮಾರಿ ಬಂದ ಹಣ ಗುಡ್ಡಗಾಡಿನ ಸೇವೆಗೆ ಹೋಗುತ್ತದೆ. ಈ ಎರಡನೆಯ ಪದ್ಧತಿಯ ಹಿಂದೆ ಮದರಾಸಿನ ಬ್ಯಾಪ್ಟಿಸ್ಟರ ಒಂದು ಹಳೆಯ ಸ್ಮೃತಿಯಿದೆ. ಜೆಸ್ಸಿ ಬ್ರ್ಯಾಂಡ್ ಎಂಬ ಇಂಗ್ಲಿಷ್ ತರುಣ ಮತ್ತು 1911ರಲ್ಲಿ ಮದರಾಸಿಗೆ ಬಂದ ಎವೆಲಿನ್ ಎಂಬ ಹೆಣ್ಣುಮಗಳು 1913ರಲ್ಲಿ ವಿವಾಹವಾಗಿ, ಜ್ವರಕ್ಕೆ ಹೆಸರಾಗಿದ್ದ ಕೊಲ್ಲಿಮಲೆಯನ್ನು ಹತ್ತಿ ನೆಲಸಿದರು. ಜೆಸ್ಸಿ ಅಲ್ಲಿಯ ಜ್ವರಕ್ಕೇ ತುತ್ತಾದರು. ಎವೆಲಿನ್ ಮಾತ್ರ ವೃದ್ಧಾಪ್ಯದಲ್ಲಿಯೂ, ಮಿಷನ್ನಿನಿಂದ ನಿವೃತ್ತಿ ಹೊಂದಿದ ಮೇಲೆಯೂ, ಬೆಟ್ಟದಿಂದ ಬೆಟ್ಟಕ್ಕೆ ಕುದುರೆಯ ಮೇಲೆ ತಿರುಗುತ್ತ, ತೊಂಬತ್ತೈದರ ಆಸುಪಾಸಿನಲ್ಲಿ 1974ರಲ್ಲಿ ತೀರಿಕೊಂಡರು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಮುದುಡಿದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಿದ ಡಾಕ್ಟರ್ ಪಾಲ್ ಬ್ರ್ಯಾಂಡ್ ಕೊಲ್ಲಿಮಲೆಯಲ್ಲಿ ಬೆಳೆದ ಅವರ ಮಗ.

ಈಗ ನನ್ನ ಹೃದಯಕ್ಕೆ ಅತ್ಯಂತ ಹತ್ತಿರವಾದುದನ್ನು ಹೇಳುತ್ತೇನೆ. ಮೂರನೆಯ ಭಾನುವಾರ ಆರಾಧನೆ ಮುಗಿದ ಬಳಿಕ ಸದಸ್ಯರ ಕೂಟ ಸೇರುತ್ತದೆ. ಹೊರಗಿನವರಿಗೆ ಇದು ನೀರಸವೆನಿಸೀತು. ಕಾರ್ಯದರ್ಶಿ ಹಿಂದಿನ ಕೂಟದ ನಡಾವಳಿಯನ್ನು ಓದುತ್ತಾರೆ. ಖಜಾಂಚಿ ಕಾಣಿಕೆ ಬಂದದ್ದೆಷ್ಟು, ದಶಮಾಂಶ ಎಷ್ಟು, ವಿದ್ಯುತ್ತಿಗೆ ಎಷ್ಟು, ಸಭಾಪಾಲಕರ ವೇತನ ಎಷ್ಟು, ಬಡವರ ನಿಧಿಯಿಂದ ಹೋದದ್ದೆಷ್ಟು ಎಂಬುದನ್ನು ಒಂದು ರೂಪಾಯಿಯನ್ನೂ ಬಿಡದೆ ಒಪ್ಪಿಸುತ್ತಾರೆ. ಗಿರಣಿಯಿಂದ ನಿವೃತ್ತರಾದ ಹಿರಿಯರೊಬ್ಬರು ಕನ್ನಡಕವನ್ನು ಹಣೆಗೇರಿಸಿ, ಹೋದ ತಿಂಗಳು ಕೊಂಡ ಬಲ್ಬುಗಳಿಗೆ ರಸೀತಿ ಎಲ್ಲಿ ಎಂದು ಕೇಳುತ್ತಾರೆ. ಯಾರೂ ಮುಖ ಸಿಂಡರಿಸುವುದಿಲ್ಲ, ರಸೀತಿಯನ್ನು ತಂದು ತೋರಿಸುತ್ತಾರೆ.

ಒಂದು ವರ್ಷ ಮೇ ತಿಂಗಳಿನ ಕೂಟದಲ್ಲಿ ಸಭಾಪಾಲಕರು ತಾವೇ ಒಂದು ಸೂಚನೆಯನ್ನು ತಂದರು. ಧ್ವನಿವರ್ಧಕ ಹಳತಾಗಿದೆ, ಹಿಂದೆ ಕುಳಿತವರಿಗೆ ಪ್ರಸಂಗ ಕೇಳಿಸುವುದಿಲ್ಲ, ಕೂಡಿಟ್ಟ ಹಣದಿಂದ ಹೊಸದನ್ನು ಕೊಳ್ಳೋಣ ಎಂಬುದು ಅವರ ಮಾತು, ಅದರಲ್ಲಿ ಸತ್ಯವಿತ್ತು. ಜೂನ್ ತಿಂಗಳಿನಲ್ಲಿ ಶಾಲೆ ತೆರೆಯುತ್ತದೆ, ಶುಲ್ಕಕ್ಕೆ ಹಣವಿಲ್ಲದ ಮನೆಗಳು ಸಭೆಯಲ್ಲಿವೆ ಎಂದು ಇನ್ನು ಕೆಲವರು ಹೇಳಿದರು. ಇಲ್ಲಿ ಒಂದು ಸಂಗತಿಯನ್ನು ನೆನಪಿಸಬೇಕು: ಪರಿಶಿಷ್ಟ ಜಾತಿಗಳ ಕುರಿತ 1950ರ ರಾಷ್ಟ್ರಪತಿಗಳ ಆದೇಶ ಮೊದಲು ಹಿಂದೂಗಳಿಗೆ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅನ್ವಯವಾಯಿತೇ ಹೊರತು ಕ್ರೈಸ್ತರಾದ ದಲಿತರಿಗೆ ಅನ್ವಯವಾಗಿಲ್ಲ, ಆದುದರಿಂದ ಕಾಲುವೆ ತೋಡಿದವರ ಮರಿಮಕ್ಕಳಿಗೆ, ಬೀದಿಯ ಆಚೆ ಬದಿಯಲ್ಲಿರುವ ಅವರ ನೆಂಟರ ಮಕ್ಕಳಿಗೆ ಇರುವ ಆಸರೆಯಿಲ್ಲ. ಚರ್ಚೆ ಬಹಳ ಹೊತ್ತು ನಡೆಯಿತು. ಕೊನೆಯಲ್ಲಿ ಹೂ ಮಾರಿ ಬದುಕುವ ವೃದ್ಧೆಯೊಬ್ಬರು ಗೋಡೆ ಹಿಡಿದು ಎದ್ದು ನಿಂತರು. “ಅಯ್ಯಗಾರೂ,” ಎಂದರು, “ನಾನು ಕಡೇ ಬೆಂಚಿನವಳು. ನಿಮ್ಮ ಪ್ರಸಂಗ ನನಗೆ ಅರ್ಧ ಕೇಳಿಸಿದರೂ ಸಾಲುತ್ತೆ. ಫೀಜು ಕಟ್ಟದ ಮಗುವನ್ನು ಇಸ್ಕೂಲಿನವರು ಅರ್ಧ ದಿವಸಕ್ಕೆ ಸೇರಿಸಿಕೊಳ್ಳೋದಿಲ್ಲ.” ಕೈಯೆತ್ತಿ ಮತ ಹಾಕಿದರು. ಸಭಾಪಾಲಕರ ಸೂಚನೆ ಬಿದ್ದುಹೋಯಿತು. ಅವರು ನಗುಮುಖದಿಂದ ಫಲಿತಾಂಶವನ್ನು ಸಾರಿ, ಮುಂದಿನ ವಾರದಿಂದ ಗಟ್ಟಿಯಾಗಿ ಮಾತನಾಡಿದರು.

ಅರಸನಿಗೂ ಬಿಷಪ್ಪನಿಗೂ ಒಪ್ಪಿಸದೆ ಆ ಜನ ಉಳಿಸಿಕೊಂಡದ್ದು ಇದನ್ನು. ಊರ ಹೊರಗಿನ ಕೇರಿಯಿಂದ ಬಂದು, ಪಂಚಾಯತಿಯ ಕಟ್ಟೆಯ ಬಳಿ ನಿಲ್ಲುವುದಕ್ಕೂ ಅವಕಾಶವಿಲ್ಲದಿದ್ದ ಮನುಷ್ಯರಿಗೆ, ಒಂದು ಕೂಟದಲ್ಲಿ ಎದ್ದು ನಿಂತು ಲೆಕ್ಕ ಕೇಳುವ, ಇಲ್ಲವೆನ್ನುವ, ಮತ ಕೊಡುವ ಅಭ್ಯಾಸ ಇಲ್ಲಿ ಆಯಿತು. ನಮ್ಮ ಗಣರಾಜ್ಯ ಮತಪತ್ರವನ್ನು ಎಲ್ಲರ ಕೈಗೆ ಕೊಡುವುದಕ್ಕೆ ಎಷ್ಟೋ ಮೊದಲೇ ಇಂತಹ ನಡಾವಳಿ ಪುಸ್ತಕಗಳು ಬರೆಯಲ್ಪ‌ಡುತ್ತಿದ್ದವು.

ಸಭೆಯ ಸೇವೆಗಳಲ್ಲಿ ನಾನು ಸ್ವತಃ ಪಾಲುಗೊಂಡಿರುವುದು ಆಸ್ಪತ್ರೆಯ ಭೇಟಿಯಲ್ಲಿ. ನಾಲ್ಕನೆಯ ಶನಿವಾರ ನಾಲ್ಕಾರು ಮಂದಿ ಹಣ್ಣು, ಬಿಸ್ಕತ್ತು, ಬಿಸಿನೀರಿನ ಫ್ಲಾಸ್ಕುಗಳೊಂದಿಗೆ ಹೊರಡುತ್ತಾರೆ. ಅಡಯಾರಿನಲ್ಲಿ 1954ರಲ್ಲಿ ಸ್ಥಾಪಿತವಾದ ಕ್ಯಾನ್ಸರ್ ಚಿಕಿತ್ಸಾಲಯಕ್ಕೆ ನಮ್ಮ ಬಳ್ಳಾರಿ, ರಾಯಚೂರುಗಳ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಕನ್ನಡ ಮಾತನಾಡುವವರು ಬೇಕಾದಾಗ ನನ್ನನ್ನು ಕರೆಯುತ್ತಾರೆ. ರಾಯಚೂರಿನ ಕಡೆಯ ಮುದುಕಿಯೊಬ್ಬರು, ಮಗ ಔಷಧಿ ತರಲು ಹೋಗಿದ್ದಾಗ, ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು. ನಾವು ಪ್ರಾರ್ಥನೆ ಮಾಡಬಹುದೇ ಎಂದು ನಮ್ಮ ಸಂಘದ ಅಮ್ಮನವರು ತೆಲುಗಿನಲ್ಲಿ ಕೇಳಿದುದನ್ನು ನಾನು ಕನ್ನಡದಲ್ಲಿ ಹೇಳಿದೆ. ಆಕೆ ತಿರುಗಿ ನೋಡಿ, “ಯಪ್ಪಾ, ನನಗ ಪ್ರಾರ್ಥನಿ ಗೀರ್ಥನಿ ಏನೂ ಬ್ಯಾಡ. ನಮ್ಮ ಮಾತಿನ್ಯಾಗ ಒಂದೀಟು ಮಾತಾಡು, ಅಷ್ಟಾದ್ರ ಸಾಕು,” ಎಂದರು. ಸಂಘದ ಅಮ್ಮನವರು ತಲೆಯಾಡಿಸಿ, ಕಿತ್ತಳೆಯ ತೊಳೆಗಳನ್ನು ಬಿಡಿಸಿ ಆಕೆಯ ಕೈಗೆ ಕೊಡುತ್ತ ಕುಳಿತರು. ನಾನೂ ಆಕೆಯೂ ಜೋಳದ ಬೆಳೆಯ ವಿಷಯ, ತುಂಗಭದ್ರೆಯ ಕಾಲುವೆಯ ಕೊನೆಗೆ ನೀರು ಮುಟ್ಟದ ವಿಷಯ, ಆಕೆಯ ಸೊಸೆಯ ಹೆರಿಗೆಯ ವಿಷಯ ಮಾತನಾಡಿದೆವು. ಹೊರಡುವಾಗ ಅಮ್ಮನವರು ನನ್ನೊಡನೆ, ಇದೂ ನಮಗೆ ವಹಿಸಿದ ಸೇವೆಯೇ ಎಂದರು. ಸೆರೆಮನೆಯಲ್ಲಿ ಸತ್ತ ಹೆಲ್ವಿಸರ ಶಿಷ್ಯತ್ವ ಇದಕ್ಕಿಂತ ಹೆಚ್ಚಾಗಿ ಏನನ್ನೂ ಕೇಳುವುದಿಲ್ಲವೆಂದು ನಾನು ನಂಬಿದ್ದೇನೆ.

ಆಪತ್ಕಾಲದಲ್ಲಿ ಈ ಮಾಸಕ್ರಮವೆಲ್ಲ ತಲೆಕೆಳಗಾಗುತ್ತದೆ. ಸಮುದ್ರ ಉಕ್ಕಿ ಬಂದ 2004ರ ಡಿಸೆಂಬರ್ 26 ಭಾನುವಾರವೇ ಆಗಿತ್ತು. 2015ರ ಡಿಸೆಂಬರ್ ಒಂದನೆಯ ತಾರೀಖಿನ ಮಳೆಗೆ ನಗರ ಮುಳುಗಿದಾಗ ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ಬೀದಿಯ ಕುಟುಂಬಗಳಿಗೆ ಮತಭೇದವಿಲ್ಲದೆ ಸಭಾಭವನದಲ್ಲಿ ಚಾಪೆ ಹಾಸಿದರು. ಹಿಡಿಯಕ್ಕಿಯ ಚೀಲ ಆ ವಾರವೇ ಬರಿದಾಯಿತು. ಮಹಾಮಾರಿಯಿಂದಾಗಿ ಮುಚ್ಚಿದ ದೇವಾಲಯಗಳ ಬಾಗಿಲುಗಳು ತಮಿಳುನಾಡಿನಲ್ಲಿ 2020ರ ಸೆಪ್ಟೆಂಬರ್ ಒಂದರಂದು ತೆರೆದವು. ಆ ನಡುವಿನ ತಿಂಗಳುಗಳಲ್ಲಿ ಸತ್ತವರನ್ನು ನಾಲ್ಕು ಮಂದಿ ಮಾತ್ರ ನಿಂತು ಮಣ್ಣು ಮಾಡಿದ ದುಃಖ ಸಭೆಯವರ ಮನಸ್ಸಿನಿಂದ ಇನ್ನೂ ಮಾಸಿಲ್ಲ. ಇಲ್ಲಿ ಮಣ್ಣಿಗೂ ಕೊರತೆ: ಕೀಲ್ಪಾಕದ ಶ್ಮಶಾನದಲ್ಲಿ ಹೊಸ ಗೋರಿಗೆ ಸ್ಥಳವಿಲ್ಲವಾಗಿ, ಅಜ್ಜನ ಗೋರಿಯಲ್ಲಿಯೇ ಮೊಮ್ಮಗನನ್ನು ಇಡಬೇಕಾಗುತ್ತದೆ.

ದೋಷಗಳನ್ನು ಮುಚ್ಚಿಟ್ಟು ಹೊಗಳುವುದು ಸ್ನೇಹವಲ್ಲ. ಮೇಲೆ ಯಾರೂ ಇಲ್ಲದ ಸ್ವಾತಂತ್ರ್ಯಕ್ಕೆ ತಡೆ ಹಾಕುವವರೂ ಯಾರೂ ಇರುವುದಿಲ್ಲ. ಮನಸ್ತಾಪ ಬಂದ ಕಡೆ ಸಭೆ ಒಡೆದು ಎರಡಾಗುವುದು, ಆಸ್ತಿಯ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿ ದಶಕಗಳ ಕಾಲ ಕೂರುವುದು ನಮ್ಮ ಬ್ಯಾಪ್ಟಿಸ್ಟರಲ್ಲಿ ಅಪರೂಪವಲ್ಲ. ಕೂಟಗಳಲ್ಲಿ ಲೆಕ್ಕ ಓದುವುದನ್ನು ನಿಲ್ಲಿಸಿದ ಸಭೆಗಳಲ್ಲಿಯೇ ಇಂತಹ ವ್ಯಾಜ್ಯಗಳು ಹೆಚ್ಚೆಂಬುದು ನಾನು ಕಂಡುಕೊಂಡದ್ದು. ತರುಣರು ಧ್ವನಿವರ್ಧಕದ ಅಬ್ಬರವಿರುವ ದೊಡ್ಡ ಮಂದಿರಗಳ ಕಡೆ ಹೋಗುತ್ತಿದ್ದಾರೆ; ಅಲ್ಲಿ ಸಾವಿರಾರು ಮಂದಿ ಕೂಡುತ್ತಾರೆ, ಯಾರೂ ರಸೀತಿ ಕೇಳುವುದಿಲ್ಲ.

ಕಡೆಯದಾಗಿ ಒಂದು ಬಿನ್ನಹ. ನಾನು ಹೇಳಿದ ನಡಾವಳಿ ಪುಸ್ತಕಗಳು, ದೀಕ್ಷಾಸ್ನಾನದ ದಾಖಲೆಗಳು, ಹಿಡಿಯಕ್ಕಿಯ ಲೆಕ್ಕದ ವಹಿಗಳು ಇಂದು ಸಭಾಭವನಗಳ ಬೀರುಗಳಲ್ಲಿ, ತೀರಿಹೋದ ಕಾರ್ಯದರ್ಶಿಗಳ ಮನೆಯ ಅಟ್ಟಗಳಲ್ಲಿ, ಗೆದ್ದಲಿಗೂ ಬೆಳ್ಳಿಹುಳುವಿಗೂ ಆಹಾರವಾಗುತ್ತಿವೆ. 2015ರ ನೀರಿನಲ್ಲಿ ನಮ್ಮ ಸಭೆಯದೇ ಎರಡು ಸಂಪುಟಗಳು ಮುದ್ದೆಯಾಗಿ ಹೋದವು. ಕ್ಷಾಮದಲ್ಲಿ ಬದುಕಿ ಉಳಿದ ಬಡಜನ ತಮ್ಮ ಬಾಳನ್ನು ತಾವೇ ಆಳಿಕೊಂಡದ್ದಕ್ಕೆ ಅವುಗಳಿಗಿಂತ ಒಳ್ಳೆಯ ಸಾಕ್ಷ್ಯ ಬೇರೆಲ್ಲಿಯೂ ಸಿಕ್ಕದು. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಇಂತಹ ದಾಖಲೆಗಳಿಗೆಂದೇ ಒಂದು ಭಂಡಾರವಿದೆ. ಶ್ರೀರಾಂಪುರದ ಕಾಲೇಜಿನಲ್ಲಿ ಕೇರಿಯವರ ಹೆಸರಿನ ಗ್ರಂಥಾಲಯವಿದೆ. ಚೆನ್ನೈಯಲ್ಲಾಗಲಿ, ಬಳ್ಳಾರಿಯಲ್ಲಾಗಲಿ, ಕೋಲಾರದಲ್ಲಾಗಲಿ, ಯಾವ ಪಂಥದ ಸಭೆಯದೇ ಆಗಲಿ, ಇಂತಹ ಹಳೆಯ ವಹಿ ನಿಮ್ಮ ಮನೆಯಲ್ಲಿದ್ದರೆ ಅದನ್ನು ರದ್ದಿಗೆ ಹಾಕಬೇಡಿ. ಒಣ ಬಟ್ಟೆಯಲ್ಲಿ ಸುತ್ತಿಟ್ಟು, ಮುಂದಿನ ಮಳೆಗಾಲಕ್ಕೆ ಮುಂಚೆ ಅಂತಹ ಒಂದು ಭಂಡಾರಕ್ಕೆ ಕಾಗದ ಬರೆಯಿರಿ.